ಎನ್‌ಕ್ಲೆಕ್ಸ್ ಪರೀಕ್ಷೆ: ನರ್ಸ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಈ ಪರೀಕ್ಷೆಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿದವಳು. ಮೊದಲ ಸಲ ಏಕೆ ಫೇಲಾದೆ ಎಂಬುದು ಅರ್ಥವಾದದ್ದು ಎರಡನೆಯ ಸಲ ಓದಲು ಕುಳಿತ ಮೇಲೆ. ಅಂದಿನಿಂದ ಡ್ಯೂಟಿ ಮುಗಿಸಿ ಫೋನ್ ಮಾಡುವ ಗೆಳತಿಯರು, ಪತ್ರ ಬರೆಯುವ ಕಿರಿಯರು, ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದೆ ಸಂದೇಶ ಕಳಿಸುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಇಲ್ಲಿ ಹೇಳಿರುವುದೆಲ್ಲ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಪರೀಕ್ಷೆಯ ಬಗ್ಗೆ, ಅದರಲ್ಲೂ ಅಮೆರಿಕದ ಹೊರಗೆ ನರ್ಸಿಂಗ್ ಓದಿದವರನ್ನು ಮನಸ್ಸಿನಲ್ಲಿಟ್ಟುಕೊಂಡು.

## ಮೊದಲ ಮೆಟ್ಟಿಲು

ಎನ್‌ಕ್ಲೆಕ್ಸ್ ಎಂದರೆ ಏನು? ಅದನ್ನು ಯಾರು ನಡೆಸುತ್ತಾರೆ?

ಅಮೆರಿಕದಲ್ಲಿ ನರ್ಸ್ ಆಗಿ ಕೆಲಸ ಮಾಡಲು ಬರೆಯಲೇಬೇಕಾದ ಲೈಸೆನ್ಸ್ ಪರೀಕ್ಷೆ ಇದು. ಅಲ್ಲಿನ ರಾಜ್ಯಗಳ ನರ್ಸಿಂಗ್ ಮಂಡಳಿಗಳು ಸೇರಿ ಕಟ್ಟಿಕೊಂಡಿರುವ ಎನ್‌ಸಿಎಸ್‌ಬಿಎನ್ ಎಂಬ ಸಂಸ್ಥೆ ಪ್ರಶ್ನೆಗಳನ್ನು ರೂಪಿಸುತ್ತದೆ. ಅದರ ಕಚೇರಿ ಶಿಕಾಗೋದಲ್ಲಿದೆ. ಪರೀಕ್ಷೆ ನಡೆಯುವುದು ಪಿಯರ್ಸನ್ ವ್ಯೂ ಕೇಂದ್ರಗಳಲ್ಲಿ. ರಿಜಿಸ್ಟರ್ಡ್ ನರ್ಸ್‌ಗಳಿಗೆ ಎನ್‌ಕ್ಲೆಕ್ಸ್-ಆರ್‌ಎನ್, ಪ್ರಾಕ್ಟಿಕಲ್ ನರ್ಸ್‌ಗಳಿಗೆ ಎನ್‌ಕ್ಲೆಕ್ಸ್-ಪಿಎನ್.

ಈ ಹೆಸರು 1982ರದ್ದು. ಆಗ ಇದು ಕಾಗದ, ಪೆನ್ಸಿಲ್ಲಿನ ಪರೀಕ್ಷೆ. ವರ್ಷಕ್ಕೆ ಎರಡೇ ಸಲ, ಎರಡು ದಿನ ಕುಳಿತು ಬರೆಯಬೇಕಿತ್ತು. 1994ರ ಏಪ್ರಿಲ್‌ನಲ್ಲಿ ಕಂಪ್ಯೂಟರಿಗೆ ಬಂತು. 2023ರ ಏಪ್ರಿಲ್ 1ರಿಂದ ‘ನೆಕ್ಸ್ಟ್ ಜನರೇಷನ್’ ಎಂಬ ಈಗಿನ ರೂಪ ಜಾರಿಯಲ್ಲಿದೆ. ಅದಕ್ಕೆ ಮೊದಲು ಅಚ್ಚಾದ ಪುಸ್ತಕವನ್ನು ಹಿರಿಯ ಸಿಸ್ಟರ್ ಒಬ್ಬರು ಪ್ರೀತಿಯಿಂದ ಕೊಟ್ಟರೆ ತೆಗೆದುಕೊಳ್ಳಿ. ಕಾಯಿಲೆಗಳ ವಿವರ ಓದಲು ಅದು ಸಾಕು. ಪ್ರಶ್ನೆಯ ಮಾದರಿಗೆ ಮಾತ್ರ ಅದನ್ನು ನಂಬಬೇಡಿ.

ಕೆನಡಾದ ಬಹುತೇಕ ಪ್ರಾಂತ್ಯಗಳು 2015ರಿಂದ ಇದೇ ಆರ್‌ಎನ್ ಪರೀಕ್ಷೆಯನ್ನು ಬಳಸುತ್ತಿವೆ. ಆಸ್ಟ್ರೇಲಿಯಾ ಕೂಡ 2020ರಿಂದ, ಹೊರದೇಶದಲ್ಲಿ ಓದಿದ ಹಲವು ನರ್ಸ್‌ಗಳಿಗೆ ಮೊದಲ ಹಂತವಾಗಿ ಇದನ್ನೇ ಇಟ್ಟಿದೆ.

ನನಗೆ ಪದವಿ ಇದೆ, ನೋಂದಣಿ ಇದೆ, ಹತ್ತು ವರ್ಷದ ಅನುಭವ ಇದೆ. ಮತ್ತೆ ಪರೀಕ್ಷೆ ಏಕೆ?

ಈ ಪ್ರಶ್ನೆಯ ಹಿಂದಿರುವ ಬೇಸರ ನನಗೆ ಗೊತ್ತು. ಆದರೆ ಅಮೆರಿಕದಲ್ಲೇ ಓದಿದ ಹುಡುಗಿಯೂ ಇದನ್ನು ಬರೆಯದೆ ಲೈಸೆನ್ಸ್ ಪಡೆಯಲಾರಳು. ಪದವಿ ಕೊಡುವುದು ಕಾಲೇಜು, ಲೈಸೆನ್ಸ್ ಕೊಡುವುದು ಸರ್ಕಾರದ ಮಂಡಳಿ. ಕೆಲಸಕ್ಕೆ ಸೇರಿದ ಮೊದಲ ದಿನ ಈ ನರ್ಸ್ ಕೈಯಲ್ಲಿ ರೋಗಿಗೆ ಅಪಾಯ ಆಗುವುದಿಲ್ಲವೆ ಎಂಬ ಒಂದೇ ಸಂಗತಿಯನ್ನು ಮಂಡಳಿ ತಿಳಿಯಬಯಸುತ್ತದೆ. ನೀವೆಷ್ಟು ಜಾಣೆ, ಎಷ್ಟು ನುರಿತವಳು ಎಂದು ಅಳೆಯುವ ಉದ್ದೇಶವೇ ಈ ಪರೀಕ್ಷೆಗಿಲ್ಲ. ಇದನ್ನು ಒಪ್ಪಿಕೊಂಡರೆ ಮುಂದಿನ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಅರ್ಜಿ ಎಲ್ಲಿಂದ ಶುರು ಮಾಡಬೇಕು? ಮೊದಲು ಪರೀಕ್ಷೆಯ ದಿನಾಂಕ ತೆಗೆದುಕೊಳ್ಳಬಹುದೆ?

ಆಗುವುದಿಲ್ಲ. ಮೊದಲು ಒಂದು ರಾಜ್ಯವನ್ನು ಆರಿಸಿಕೊಂಡು ಅದರ ನರ್ಸಿಂಗ್ ಮಂಡಳಿಗೆ ಲೈಸೆನ್ಸ್ ಅರ್ಜಿ ಹಾಕಬೇಕು. ಮಂಡಳಿ ಸಾಮಾನ್ಯವಾಗಿ ನಿಮ್ಮ ಓದಿನ ಮೌಲ್ಯಮಾಪನ ವರದಿ ಕೇಳುತ್ತದೆ. ಅದಕ್ಕೆ ನಿಮ್ಮ ಕಾಲೇಜು ಅಂಕಪಟ್ಟಿಯನ್ನೂ ತರಗತಿ ಮತ್ತು ಕ್ಲಿನಿಕಲ್ ಗಂಟೆಗಳ ವಿವರವನ್ನೂ ನೇರವಾಗಿ ಕಳಿಸಬೇಕು. ನಿಮ್ಮ ದೇಶದ ನೋಂದಣಿ ಮಂಡಳಿ ನಿಮ್ಮ ನೋಂದಣಿಯನ್ನು ದೃಢಪಡಿಸಬೇಕು. ಇಡೀ ಪಯಣದಲ್ಲಿ ಹೆಚ್ಚು ತಿಂಗಳುಗಳನ್ನು ನುಂಗುವುದು ಈ ಕಾಗದಪತ್ರದ ಹಂತವೇ. ಆದ್ದರಿಂದ ಓದು ಮುಗಿಯಲಿ ಎಂದು ಕಾಯದೆ ಇದನ್ನು ಮೊದಲೇ ಶುರು ಮಾಡಿ.

ಮಂಡಳಿಗೆ ಅರ್ಜಿ ಹಾಕಿ, ಪಿಯರ್ಸನ್ ವ್ಯೂನಲ್ಲಿ ನೋಂದಾಯಿಸಿಕೊಂಡ ಮೇಲೆ, ನೀವು ಅರ್ಹರೆಂದು ಮಂಡಳಿ ಒಪ್ಪಿದಾಗ ಎಟಿಟಿ ಎಂಬ ಅನುಮತಿಪತ್ರ ಇಮೇಲ್‌ನಲ್ಲಿ ಬರುತ್ತದೆ. ಅದು ಬಂದ ಮೇಲೆಯೇ ದಿನಾಂಕ. ಅನುಮತಿಯ ಅವಧಿ ಸರಾಸರಿ 90 ದಿನ. ಅದನ್ನು ಯಾವ ಕಾರಣಕ್ಕೂ ಹಿಗ್ಗಿಸುವುದಿಲ್ಲ. ಮುಗಿದರೆ ಮತ್ತೆ ಶುಲ್ಕ ಕಟ್ಟಬೇಕು.

ಒಂದು ಎಚ್ಚರಿಕೆ. ಅರ್ಜಿಯಲ್ಲಿರುವ ಹೆಸರು ಮತ್ತು ಪಾಸ್‌ಪೋರ್ಟಿನ ಹೆಸರು ಒಂದೇ ಆಗಿರಬೇಕು. ತಂದೆಯ ಹೆಸರಿನ ಇನಿಷಿಯಲ್, ಮದುವೆಯ ನಂತರ ಬದಲಾದ ಹೆಸರು, ಊರಿನ ಹೆಸರು ಇವೆಲ್ಲ ನಮ್ಮ ದಾಖಲೆಗಳಲ್ಲಿ ಒಂದೊಂದು ಕಡೆ ಒಂದೊಂದು ರೀತಿ ಇರುತ್ತವೆ. ಹೆಸರು ಹೊಂದದಿದ್ದರೆ ಪರೀಕ್ಷಾ ಕೇಂದ್ರದ ಬಾಗಿಲಿನಿಂದಲೇ ವಾಪಸು ಕಳಿಸುತ್ತಾರೆ, ಶುಲ್ಕವೂ ಹೋಗುತ್ತದೆ.

ಯಾವ ರಾಜ್ಯ ಸುಲಭ?

ಪರೀಕ್ಷೆ ಎಲ್ಲ ರಾಜ್ಯಗಳಿಗೂ ಒಂದೇ. ಬದಲಾಗುವುದು ಅರ್ಜಿಯ ನಿಯಮ: ಕೆಲವು ರಾಜ್ಯಗಳು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದೆ ಲೈಸೆನ್ಸ್ ಕೊಡುವುದಿಲ್ಲ, ಕೆಲವು ಇಂಗ್ಲಿಷ್ ಪರೀಕ್ಷೆಯನ್ನು ಮೊದಲೇ ಕೇಳುತ್ತವೆ. ಮಂಡಳಿಯ ಜಾಲತಾಣವನ್ನೇ ಓದಿ. ಗೆಳತಿ ಮೂರು ವರ್ಷದ ಹಿಂದೆ ಮಾಡಿದಂತೆ ಮಾಡಲು ಹೋಗಬೇಡಿ.

ಶುಲ್ಕ ಎಷ್ಟು?

ಅಮೆರಿಕದ ಲೈಸೆನ್ಸಿಗಾಗಿ ನೋಂದಣಿ ಶುಲ್ಕ 200 ಡಾಲರ್. ಅಮೆರಿಕದ ಹೊರಗಿನ ಕೇಂದ್ರದಲ್ಲಿ ಬರೆಯುವುದಾದರೆ ಅದರ ಮೇಲೆ ಇನ್ನೂ 150 ಡಾಲರ್, ಜೊತೆಗೆ ತೆರಿಗೆ. ರಾಜ್ಯ ಮಂಡಳಿಯ ಶುಲ್ಕ, ಮೌಲ್ಯಮಾಪನದ ಶುಲ್ಕ, ಇಂಗ್ಲಿಷ್ ಪರೀಕ್ಷೆಯ ಶುಲ್ಕ ಬೇರೆ ಬೇರೆ.

ಎಷ್ಟು ಪ್ರಶ್ನೆ ಬರುತ್ತದೆ? ಎಷ್ಟು ಹೊತ್ತು?

ಕನಿಷ್ಠ 85, ಗರಿಷ್ಠ 150. ಸಮಯ ಐದು ಗಂಟೆ. ಬಿಡುವೂ ಅದರೊಳಗೇ ಸೇರಿದೆ. ಕನಿಷ್ಠ 85ರಲ್ಲಿ 15 ಪ್ರಶ್ನೆಗಳಿಗೆ ಅಂಕವಿಲ್ಲ, ಅವು ಮುಂದಿನ ಪರೀಕ್ಷೆಗಳಿಗಾಗಿ ಪರೀಕ್ಷಿಸಿ ನೋಡುತ್ತಿರುವ ಪ್ರಶ್ನೆಗಳು. ಯಾವುವೆಂದು ಗುರುತಿಸಲು ಸಾಧ್ಯವಿಲ್ಲ, ಪ್ರಯತ್ನಿಸಲೂ ಬೇಡಿ. ಅಂಕವಿರುವ ಪ್ರಶ್ನೆಗಳಲ್ಲಿ ಮೂರು ಕೇಸ್ ಸ್ಟಡಿಗಳಿರುತ್ತವೆ, ಒಂದೊಂದರಲ್ಲಿ ಆರು ಪ್ರಶ್ನೆ.

## ಓದು

ಎಷ್ಟು ತಿಂಗಳು ಓದಬೇಕು? ನಾನು ಡ್ಯೂಟಿ ಬಿಡುವಂತಿಲ್ಲ.

ಡ್ಯೂಟಿ ಬಿಡದೆಯೂ ಆಗುತ್ತದೆ. ನಾನು ಕಂಡಂತೆ ಕೆಲಸದ ಜೊತೆ ಓದುವವರಿಗೆ ನಾಲ್ಕರಿಂದ ಆರು ತಿಂಗಳು ಬೇಕಾಗುತ್ತದೆ. ಒಂದು ವರ್ಷಕ್ಕಿಂತ ಹೆಚ್ಚು ಎಳೆದರೆ ಮೊದಲು ಓದಿದ್ದು ಮಾಸಲು ಶುರುವಾಗುತ್ತದೆ. ನೈಟ್ ಡ್ಯೂಟಿ ಮುಗಿಸಿದ ಬೆಳಿಗ್ಗೆ ಓದಲು ಕೂರಬೇಡಿ. ನಾನು ಹಾಗೆ ಕುಳಿತು ಮೂತ್ರಪಿಂಡದ ಅಧ್ಯಾಯವನ್ನು ನಾಲ್ಕು ಸಲ ಓದಿದ್ದೇನೆ, ಒಂದು ಸಲವೂ ತಲೆಗೆ ಹೋಗಲಿಲ್ಲ. ಮಲಗಿ ಎದ್ದು ಒಂದೂವರೆ ಗಂಟೆ ಕುಳಿತರೆ ಅದು ಹೆಚ್ಚು ಬೆಲೆಯುಳ್ಳದ್ದು.

ಪುಸ್ತಕ ಪೂರ್ತಿ ಮುಗಿಸಿ ಪ್ರಶ್ನೆಗಳನ್ನು ಮಾಡಲೆ, ಅಥವಾ ಮೊದಲ ದಿನದಿಂದಲೇ ಮಾಡಲೆ?

ಮೊದಲ ದಿನದಿಂದಲೇ. ನಾನು ಮೊದಲ ಸಲ ಫೇಲಾದದ್ದು ಇಲ್ಲಿಯೇ. ದಪ್ಪ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಬಣ್ಣ ಬಳಿದು ಓದಿದೆ, ಆಮೇಲೆ ಉಳಿದ ಮೂರು ವಾರದಲ್ಲಿ ಅವಸರದಲ್ಲಿ ಪ್ರಶ್ನೆಗಳನ್ನು ಮಾಡಿದೆ. ಪರೀಕ್ಷೆ ನನ್ನ ನೆನಪನ್ನು ಕೇಳಲೇ ಇಲ್ಲ. ನಾಲ್ಕು ಉತ್ತರಗಳೂ ಸರಿಯೆನಿಸುವಾಗ ಮೊದಲು ಯಾವುದನ್ನು ಮಾಡುತ್ತೀಯ ಎಂದು ಕೇಳಿತು.

ಎರಡನೆಯ ಸಲ ಕ್ರಮ ಬದಲಾಯಿಸಿದೆ. ದಿನಕ್ಕೆ 50 ಪ್ರಶ್ನೆ ಮಾತ್ರ, ಆದರೆ ಅವುಗಳ ವಿವರಣೆ ಓದಲು ಪ್ರಶ್ನೆ ಮಾಡಿದ್ದಕ್ಕಿಂತ ಎರಡು ಪಟ್ಟು ಸಮಯ. ಸರಿಯಾದ ಪ್ರಶ್ನೆಯ ವಿವರಣೆಯನ್ನೂ ಓದುತ್ತಿದ್ದೆ, ಏಕೆಂದರೆ ತಪ್ಪು ಕಾರಣಕ್ಕೆ ಸರಿ ಉತ್ತರ ಒತ್ತಿದ್ದೆಷ್ಟೋ. ಒಂದು ನೋಟ್‌ಬುಕ್ಕಿನಲ್ಲಿ ತಪ್ಪಿದ ಪ್ರಶ್ನೆಯ ಮುಂದೆ ಒಂದೇ ಸಾಲು ಬರೆಯುತ್ತಿದ್ದೆ: ವಿಷಯ ಗೊತ್ತಿರಲಿಲ್ಲ, ಪ್ರಶ್ನೆ ಸರಿಯಾಗಿ ಓದಲಿಲ್ಲ, ಅಥವಾ ಗೊತ್ತಿದ್ದೂ ಉತ್ತರ ಬದಲಾಯಿಸಿದೆ. ಎರಡು ವಾರದ ನಂತರ ನೋಡಿದರೆ ಅರ್ಧಕ್ಕರ್ಧ ತಪ್ಪು ಎರಡನೆಯ ಬಗೆಯವು. ಅದಕ್ಕೆ ಇನ್ನೊಂದು ಪುಸ್ತಕ ಕೊಂಡು ಏನು ಪ್ರಯೋಜನ?

ಯಾವ ವಿಷಯಕ್ಕೆ ಹೆಚ್ಚು ತೂಕ?

ಎನ್‌ಸಿಎಸ್‌ಬಿಎನ್ ಪರೀಕ್ಷೆಯ ನಕ್ಷೆಯನ್ನು ಬಹಿರಂಗವಾಗಿಯೇ ಪ್ರಕಟಿಸುತ್ತದೆ, ಉಚಿತವಾಗಿ. 2023ರ ನಕ್ಷೆಯಲ್ಲಿ ಆರೈಕೆಯ ನಿರ್ವಹಣೆಗೆ 15–21%, ಔಷಧಿ ಮತ್ತು ಡ್ರಿಪ್‌ಗೆ 13–19%, ದೇಹಸ್ಥಿತಿಯ ಏರುಪೇರಿಗೆ 11–17%, ಸುರಕ್ಷತೆ ಮತ್ತು ಸೋಂಕು ತಡೆಗೆ 10–16%. ಅಂದರೆ ಕೆಲಸ ಹಂಚುವುದು, ಆದ್ಯತೆ ಗೊತ್ತುಮಾಡುವುದು, ಒಪ್ಪಿಗೆಪತ್ರ, ರೋಗಿಯ ಹಕ್ಕು ಇವುಗಳಿಗೆ ಎಲ್ಲಕ್ಕಿಂತ ದೊಡ್ಡ ಪಾಲು. ಹೃದಯದ ಕವಾಟಗಳನ್ನು ವಾರಗಟ್ಟಲೆ ಓದುವವರು ಈ ಭಾಗವನ್ನು ‘ಅದೆಲ್ಲ ಸಾಮಾನ್ಯ ಜ್ಞಾನ’ ಎಂದು ಬಿಟ್ಟುಬಿಡುತ್ತಾರೆ.

ಸೋಂಕು ತಡೆ ಕಡಿಮೆ ಓದಿಗೆ ಹೆಚ್ಚು ಫಲ ಕೊಡುವ ಜಾಗ. ಕ್ಷಯ, ದಡಾರ, ಸೀತಾಳೆ ಸಿಡುಬು ಗಾಳಿಯಿಂದ ಹರಡುವವು. ಪ್ರತ್ಯೇಕ ಕೊಠಡಿ, ಎನ್95 ಮಾಸ್ಕ್ ಬೇಕು. ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಭೇದಿಯ ರೋಗಿಯನ್ನು ಮುಟ್ಟಿದ ಮೇಲೆ ಸೋಪು, ನೀರಿನಲ್ಲೇ ಕೈ ತೊಳೆಯಬೇಕು. ಆಲ್ಕೋಹಾಲ್ ದ್ರಾವಣಕ್ಕೆ ಅದರ ಬೀಜಕಣ ಸಾಯುವುದಿಲ್ಲ. ಧರಿಸುವಾಗ ಗೌನ್, ಮಾಸ್ಕ್, ಕನ್ನಡಕ, ಕೊನೆಗೆ ಗ್ಲೌಸ್. ತೆಗೆಯುವಾಗ ಮೊದಲು ಗ್ಲೌಸ್, ನಂತರ ಕನ್ನಡಕ, ಗೌನ್, ಕೊನೆಗೆ ಮಾಸ್ಕ್.

ಇಷ್ಟು ವರ್ಷ ಐಸಿಯುನಲ್ಲಿ ಕೆಲಸ ಮಾಡಿದ್ದೇನೆ. ಆದರೂ ಅಭ್ಯಾಸದ ಪ್ರಶ್ನೆಗಳು ತಪ್ಪುತ್ತಿವೆ, ಏಕೆ?

ಏಕೆಂದರೆ ನೀವು ನಿಮ್ಮ ವಾರ್ಡಿನಲ್ಲಿ ನಿಂತು ಉತ್ತರಿಸುತ್ತಿದ್ದೀರಿ. ಅಲ್ಲಿ ಸಿಬ್ಬಂದಿ ಸಾಲದು, ಒಂದು ಉಪಕರಣ ಕೆಟ್ಟಿದೆ, ಡಾಕ್ಟರಿಗೆ ಫೋನ್ ಮಾಡಿದರೆ ಗದರುತ್ತಾರೆ. ಪರೀಕ್ಷೆಯ ಆಸ್ಪತ್ರೆಯಲ್ಲಿ ಎಲ್ಲವೂ ಇದೆ, ಎಲ್ಲಕ್ಕೂ ಸಮಯವಿದೆ, ಮತ್ತು ನಿಮ್ಮ ಎದುರು ಇರುವುದು ಪ್ರಶ್ನೆಯಲ್ಲಿರುವ ಒಬ್ಬನೇ ರೋಗಿ. ನಮ್ಮಲ್ಲಿ ಅನೇಕರ ಕೈ ಮೊದಲು ‘ವೈದ್ಯರಿಗೆ ತಿಳಿಸಿ’ ಎಂಬ ಉತ್ತರಕ್ಕೆ ಹೋಗುತ್ತದೆ, ಅಭ್ಯಾಸ ಹಾಗಿದೆ. ಪರೀಕ್ಷೆ ಕೇಳುವುದು ವೈದ್ಯರು ಬರುವ ಮೊದಲು ನರ್ಸ್ ತನ್ನ ಅಧಿಕಾರದಲ್ಲಿ ಏನು ಮಾಡುತ್ತಾಳೆ ಎಂದು. ಉಸಿರಾಟ ಕಷ್ಟವಾಗಿರುವವನ ತಲೆಯ ಭಾಗ ಎತ್ತುವುದು, ರಕ್ತ ಕೊಡುವಾಗ ಚಳಿ, ಬೆನ್ನುನೋವು ಬಂದರೆ ಮೊದಲು ರಕ್ತವನ್ನು ನಿಲ್ಲಿಸುವುದು. ಫೋನ್ ಅದರ ನಂತರ.

ಔಷಧಿಗಳ ಹೆಸರೇ ಬೇರೆ ಇದೆಯಲ್ಲ?

ಕೆಲವು ಮಾತ್ರ. ಪ್ಯಾರಾಸಿಟಮಾಲ್ ಅಲ್ಲಿ ಅಸೆಟಮಿನೊಫೆನ್, ಅಡ್ರಿನಲಿನ್ ಎಪಿನೆಫ್ರಿನ್, ಸಾಲ್ಬ್ಯುಟಮಾಲ್ ಅಲ್ಬ್ಯುಟೆರಾಲ್, ಪೆಥಿಡಿನ್ ಮೆಪೆರಿಡಿನ್, ಗ್ಲಿಬೆನ್‌ಕ್ಲಮೈಡ್ ಗ್ಲೈಬ್ಯುರೈಡ್. ಪರೀಕ್ಷೆಯಲ್ಲಿ ಬರುವುದು ಹೆಚ್ಚಾಗಿ ಜೆನರಿಕ್ ಹೆಸರುಗಳು, ಆದ್ದರಿಂದ ಕಂಪನಿ ಹೆಸರುಗಳನ್ನು ಉರು ಹೊಡೆಯುವ ಅಗತ್ಯವಿಲ್ಲ.

ಔಷಧಿಗಳನ್ನು ಒಂದೊಂದಾಗಿ ಓದಿದರೆ ಆಯುಷ್ಯ ಸಾಲದು. ಬಾಲ ಹಿಡಿದು ಓದಿ: ‘ಪ್ರಿಲ್’ ಎಂದು ಮುಗಿದರೆ ಒಣ ಕೆಮ್ಮು, ತುಟಿ-ನಾಲಿಗೆಯ ಊತ, ಪೊಟ್ಯಾಷಿಯಂ ಏರಿಕೆ, ‘ಒಲಾಲ್’ ಎಂದರೆ ನಾಡಿ ನೋಡದೆ ಕೊಡಬೇಡಿ, ಸಕ್ಕರೆ ಇಳಿದ ಲಕ್ಷಣವನ್ನು ಅದು ಮುಚ್ಚಿಡುತ್ತದೆ, ‘ಸ್ಟಾಟಿನ್’ ಎಂದರೆ ಸ್ನಾಯು ನೋವನ್ನು ಹಗುರವಾಗಿ ಕಾಣಬೇಡಿ. ಪ್ರತಿವಿಷಗಳು ನಾಲಿಗೆಯ ತುದಿಯಲ್ಲಿರಲಿ: ಹೆಪಾರಿನ್‌ಗೆ ಪ್ರೋಟಮಿನ್ ಸಲ್ಫೇಟ್, ವಾರ್ಫರಿನ್‌ಗೆ ವಿಟಮಿನ್ ಕೆ, ಮೆಗ್ನೀಷಿಯಂ ಸಲ್ಫೇಟ್‌ಗೆ ಕ್ಯಾಲ್ಸಿಯಂ ಗ್ಲುಕೊನೇಟ್, ಮಾರ್ಫಿನ್‌ಗೆ ನಲೊಕ್ಸೋನ್, ಅಸೆಟಮಿನೊಫೆನ್‌ಗೆ ಅಸೆಟೈಲ್‌ಸಿಸ್ಟೀನ್. ಜೊತೆಗೆ ಕೆಲವೇ ಅಂಕಿಗಳು: ಪೊಟ್ಯಾಷಿಯಂ 3.5–5.0, ಲಿಥಿಯಂ 0.6–1.2, ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತ ಹೆಪ್ಪುಗಟ್ಟುವ ವೇಗದ ಅಳತೆಯಾದ ಐಎನ್‌ಆರ್ ಸಾಮಾನ್ಯವಾಗಿ 2–3. ಪೊಟ್ಯಾಷಿಯಂ ಕ್ಲೋರೈಡನ್ನು ರಕ್ತನಾಳಕ್ಕೆ ನೇರವಾಗಿ ಚುಚ್ಚುವ ಉತ್ತರ ಎಲ್ಲಿ ಕಂಡರೂ ತಪ್ಪು.

ಡೋಸ್ ಲೆಕ್ಕ ಎಂದರೆ ಭಯ. ಎಷ್ಟು ಕಷ್ಟ ಇರುತ್ತದೆ?

ಪರದೆಯ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ. ಎಡವುವುದು ಮಾನ ಬದಲಾಯಿಸುವಲ್ಲಿ. ಒಂದು ಉದಾಹರಣೆ: 154 ಪೌಂಡ್ ತೂಕದ ರೋಗಿಗೆ ಡೋಪಮಿನ್ ನಿಮಿಷಕ್ಕೆ ಕೆ.ಜಿ.ಗೆ 5 ಮೈಕ್ರೊಗ್ರಾಂ. ಚೀಲದಲ್ಲಿ 250 ಮಿ.ಲೀ.ಗೆ 400 ಮಿ.ಗ್ರಾಂ. ಪೌಂಡನ್ನು 2.2ರಿಂದ ಭಾಗಿಸಿದರೆ 70 ಕೆ.ಜಿ. 5×70×60, ಗಂಟೆಗೆ 21,000 ಮೈಕ್ರೊಗ್ರಾಂ. ಚೀಲದ ಒಂದು ಮಿ.ಲೀ.ನಲ್ಲಿ 1,600 ಮೈಕ್ರೊಗ್ರಾಂ. ಭಾಗಿಸಿದರೆ 13.125, ಒಂದು ದಶಮಾಂಶಕ್ಕೆ ಕೇಳಿದ್ದರೆ 13.1 ಮಿ.ಲೀ. ಎಷ್ಟು ದಶಮಾಂಶಕ್ಕೆ ಸರಿಹೊಂದಿಸಬೇಕೆಂದು ಪ್ರಶ್ನೆಯೇ ಹೇಳುತ್ತದೆ. ಅದನ್ನು ಕೊನೆಯಲ್ಲಿ ಮಾತ್ರ ಮಾಡಿ, ನಡುವೆ ಬೇಡ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಪಾಸಾಗಬಹುದೆ?

ಪ್ರಶ್ನೆಗಳ ಇಂಗ್ಲಿಷ್ ಸರಳವಾಗಿಯೇ ಇರುತ್ತದೆ. ತೊಡಕು ಸಣ್ಣ ಪದಗಳಲ್ಲಿ: ಮೊದಲು, ಅತಿ ಮುಖ್ಯವಾಗಿ, ಇನ್ನೂ ಕಲಿಸುವ ಅಗತ್ಯವಿದೆ ಎಂದು ತೋರಿಸುವ ಮಾತು ಯಾವುದು. ಕೊನೆಯದು ಬಂದಾಗ ಹುಡುಕಬೇಕಾದದ್ದು ರೋಗಿ ಹೇಳಿದ ತಪ್ಪು ಮಾತನ್ನು. ಇಲ್ಲಿ ತಲೆಕೆಳಗಾಗಿ ಓದಿ ಅಂಕ ಕಳೆದುಕೊಂಡವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಪ್ರಶ್ನೆ ಓದಿದ ಮೇಲೆ ಉತ್ತರಗಳನ್ನು ನೋಡುವ ಮೊದಲು, ಏನು ಕೇಳಿದ್ದಾರೆ ಎಂದು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳಿ. ನನಗೆ ಇದು ಬಹಳ ಸಹಾಯ ಮಾಡಿತು.

## ಪ್ರಶ್ನೆಯ ಒಳಗೆ

ಯಾರನ್ನು ಮೊದಲು ನೋಡಬೇಕು ಎಂಬ ಪ್ರಶ್ನೆಯಲ್ಲಿ ಯಾವಾಗಲೂ ತಪ್ಪುತ್ತೇನೆ.

ಇದು ಪರೀಕ್ಷೆಯ ಹೃದಯ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ನಾಲ್ವರು ರೋಗಿಗಳು. ಒಬ್ಬರಿಗೆ ಹಳೆಯ ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ), ಆಮ್ಲಜನಕ ಮಟ್ಟ 90%. ಇನ್ನೊಬ್ಬರಿಗೆ ನಿನ್ನೆ ಮಂಡಿ ಶಸ್ತ್ರಚಿಕಿತ್ಸೆ ಆಗಿದೆ, ನೋವು ಹತ್ತಕ್ಕೆ ಎಂಟು. ಮೂರನೆಯವರಿಗೆ ಮಧುಮೇಹ, ಸಕ್ಕರೆ 240. ನಾಲ್ಕನೆಯವರಿಗೆ ಆರು ಗಂಟೆಯ ಹಿಂದೆ ಥೈರಾಯ್ಡ್ ತೆಗೆದಿದ್ದಾರೆ. ಬಾಯಿಯ ಸುತ್ತ ಜುಮುಜುಮು ಎನ್ನುತ್ತಿದೆ ಎನ್ನುತ್ತಾರೆ.

ನೋವಿನವರ ಕಡೆಗೆ ಮನಸ್ಸು ಎಳೆಯುತ್ತದೆ, ಏಕೆಂದರೆ ನಿಜವಾದ ವಾರ್ಡಿನಲ್ಲಿ ಕೂಗುವುದು ಅವರೇ. ಆಮ್ಲಜನಕದ ಅಂಕಿ ಕಂಡು ಕೆಲವರು ಮೊದಲನೆಯವರ ಕಡೆಗೆ ಓಡುತ್ತಾರೆ. ಆದರೆ ಹಳೆಯ ಸಿಒಪಿಡಿಯಲ್ಲಿ 90% ನಿರೀಕ್ಷಿತ. ಶಸ್ತ್ರಚಿಕಿತ್ಸೆಯ ಮರುದಿನ ನೋವೂ ನಿರೀಕ್ಷಿತ. 240 ತುರ್ತಲ್ಲ. ಥೈರಾಯ್ಡ್ ತೆಗೆಯುವಾಗ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾದರೆ ಕ್ಯಾಲ್ಸಿಯಂ ಇಳಿಯುತ್ತದೆ. ಬಾಯಿಯ ಸುತ್ತಲಿನ ಜುಮುಜುಮು ಅದರ ಮೊದಲ ಸುದ್ದಿ, ಮುಂದಿನದು ಗಂಟಲು ಬಿಗಿದು ಉಸಿರು ಕಟ್ಟುವುದು. ಅತಿ ಸಣ್ಣ ದೂರು ಹೇಳುತ್ತಿರುವ, ಶಾಂತವಾಗಿ ಮಲಗಿರುವ ಈ ನಾಲ್ಕನೆಯವರೇ ಉತ್ತರ.

ಹಾಗಾಗಿ ಶ್ವಾಸನಾಳ, ಉಸಿರಾಟ, ರಕ್ತಸಂಚಾರ ಎಂಬ ಸೂತ್ರ ಒಂದೇ ಸಾಲದು. ಪ್ರತಿ ರೋಗಿಯ ಮುಂದೆ ನಿಂತು ಮೂರು ಪ್ರಶ್ನೆ ಕೇಳಿ: ಇದು ಈ ಕಾಯಿಲೆಯಲ್ಲಿ ನಿರೀಕ್ಷಿತವೆ? ಇದು ಹಳೆಯದೆ, ಈಗ ಹುಟ್ಟಿದ್ದೆ? ನಾನು ಅರ್ಧ ಗಂಟೆ ತಡ ಮಾಡಿದರೆ ಯಾರು ಸಾಯಬಹುದು? ಕೊನೆಯ ಪ್ರಶ್ನೆ ಒರಟು, ಆದರೆ ನನ್ನನ್ನು ಅದು ಎಂದೂ ಕೈಬಿಟ್ಟಿಲ್ಲ.

ಎಲ್‌ಪಿಎನ್‌ಗೆ (ಲೈಸೆನ್ಸ್ ಪಡೆದ ಪ್ರಾಕ್ಟಿಕಲ್ ನರ್ಸ್‌ಗೆ) ಯಾವ ಕೆಲಸ, ಸಹಾಯಕಿಗೆ ಯಾವ ಕೆಲಸ ಎಂದು ಗೊತ್ತಾಗುವುದಿಲ್ಲ.

ನಮ್ಮಲ್ಲಿ ಈ ಹಂಚಿಕೆ ಹೀಗಿಲ್ಲ, ಆದ್ದರಿಂದ ಗೊಂದಲ ಸಹಜ. ಮೊದಲ ತಪಾಸಣೆ, ರೋಗಿಗೆ ಹೊಸದಾಗಿ ಕಲಿಸುವುದು, ಚಿಕಿತ್ಸೆಯ ಫಲವನ್ನು ತೂಗಿ ನೋಡುವುದು, ಈ ಮೂರನ್ನು ಆರ್‌ಎನ್ ಬಿಟ್ಟುಕೊಡುವುದಿಲ್ಲ. ಸ್ಥಿರವಾಗಿರುವ ರೋಗಿಯ ಮಾತ್ರೆ, ಡ್ರೆಸಿಂಗ್, ಮೂತ್ರದ ನಳಿಕೆ ಎಲ್‌ಪಿಎನ್‌ಗೆ. ಸ್ನಾನ, ನಡೆಸುವುದು, ಸ್ಥಿರ ರೋಗಿಯ ಬಿಪಿ ನೋಡುವುದು, ಮೂತ್ರದ ಪ್ರಮಾಣ ಬರೆಯುವುದು ಸಹಾಯಕಿಗೆ. ಬಲೆ ಹೀಗಿರುತ್ತದೆ: ಊಟ ಮಾಡಿಸುವುದು ಸಹಾಯಕಿಯ ಕೆಲಸವೇ, ಆದರೆ ಪಾರ್ಶ್ವವಾಯುವಾದವರಿಗೆ ಮೊದಲ ತುತ್ತು? ನುಂಗಲು ಆಗುತ್ತದೆಯೇ ಎಂದು ಇನ್ನೂ ಗೊತ್ತಿಲ್ಲ, ಅದು ಸಹಾಯಕಿಯದಲ್ಲ.

‘ಅನ್ವಯಿಸುವ ಎಲ್ಲವನ್ನೂ ಆರಿಸಿ’ ಪ್ರಶ್ನೆಯಲ್ಲಿ ಒಂದು ತಪ್ಪಿದರೂ ಸೊನ್ನೆಯೆ?

ಹಿಂದೆ ಹಾಗಿತ್ತು. 2023ರಿಂದ ಭಾಗಶಃ ಅಂಕವಿದೆ. ಸರಿಯಾದದ್ದಕ್ಕೆ ಒಂದು ಅಂಕ ಸೇರುತ್ತದೆ, ತಪ್ಪು ಆರಿಸಿದರೆ ಒಂದು ಕಳೆಯುತ್ತದೆ. ಒಟ್ಟು ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಹಾಗೆಂದು ಎಲ್ಲವನ್ನೂ ಒತ್ತಿಬಿಟ್ಟರೆ ಗಳಿಸಿದ್ದೂ ಹೋಗುತ್ತದೆ. ಪ್ರತಿ ಆಯ್ಕೆಯನ್ನೂ ಒಂಟಿಯಾಗಿ ಹೌದೆ, ಅಲ್ಲವೆ ಎಂದು ತೀರ್ಮಾನಿಸಿ, ಪಕ್ಕದ ಆಯ್ಕೆಯ ಜೊತೆ ಹೋಲಿಸಬೇಡಿ.

ಕೇಸ್ ಸ್ಟಡಿ ನೋಡಿದರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ.

ಪರದೆಯ ಎಡಬದಿಗೆ ರೋಗಿಯ ಚಾರ್ಟ್, ಬಲಬದಿಗೆ ಪ್ರಶ್ನೆ. ಆರು ಪ್ರಶ್ನೆಗಳು ಆರು ಹೆಜ್ಜೆ: ಸುಳಿವು ಗುರುತಿಸುವುದು, ಅವುಗಳ ಅರ್ಥ ಬಿಡಿಸುವುದು, ಸಾಧ್ಯತೆಗಳಲ್ಲಿ ಯಾವುದು ಮೊದಲು ಎಂದು ನಿರ್ಧರಿಸುವುದು, ಪರಿಹಾರ ಯೋಚಿಸುವುದು, ಕೆಲಸ ಮಾಡುವುದು, ಫಲ ನೋಡುವುದು. ಒಳ್ಳೆಯ ನರ್ಸ್ ದಿನವೂ ಮಾಡುವುದು ಇದನ್ನೇ, ಹೆಸರಿಡದೆ.

ಹೆರಿಗೆಯಾಗಿ ಎರಡು ಗಂಟೆಯಾದ ತಾಯಿ ಎಂದುಕೊಳ್ಳಿ. ಚಾರ್ಟ್‌ನಲ್ಲಿ ಹತ್ತಾರು ಸಂಗತಿಗಳಿವೆ. ಕಣ್ಣಿಗೆ ಬೀಳಬೇಕಾದವು: ಹದಿನೈದು ನಿಮಿಷದಲ್ಲಿ ಪ್ಯಾಡ್ ಪೂರ್ತಿ ನೆನೆದಿದೆ, ಗರ್ಭಕೋಶ ಮೆತ್ತಗಿದೆ, ಹೊಕ್ಕಳಿನ ಮೇಲಕ್ಕೆ ಏರಿ ಬಲಕ್ಕೆ ಸರಿದಿದೆ. ಬಲಕ್ಕೆ ಸರಿಯುವುದೆಂದರೆ ಮೂತ್ರಕೋಶ ತುಂಬಿ ಅದನ್ನು ತಳ್ಳುತ್ತಿದೆ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಸಂಕುಚಿಸಲು ಬಿಡುವುದಿಲ್ಲ, ಹಾಗಾಗಿ ರಕ್ತಸ್ರಾವ. ಕೈ ಮೊದಲು ಹೋಗಬೇಕಾದದ್ದು ಗರ್ಭಕೋಶವನ್ನು ಗಟ್ಟಿಯಾಗುವವರೆಗೆ ತಿಕ್ಕಲು, ನಂತರ ಮೂತ್ರಕೋಶ ಖಾಲಿ ಮಾಡಿಸಲು, ಆದೇಶದಂತೆ ಆಕ್ಸಿಟೋಸಿನ್ ಕೊಡಲು. ಇಲ್ಲಿ ಚಾರ್ಟ್‌ನ ಹಿಂದಿನ ಪುಟವೊಂದರಲ್ಲಿ ‘ಅಧಿಕ ರಕ್ತದೊತ್ತಡ’ ಎಂದು ಬರೆದಿದ್ದರೆ ಗರ್ಭಕೋಶವನ್ನು ಸಂಕುಚಿಸುವ ಇನ್ನೊಂದು ಔಷಧಿ ಮೀಥೈಲ್‌ಎರ್ಗೊನೊವಿನ್ ಬೇಡ; ‘ಆಸ್ತಮಾ’ ಎಂದಿದ್ದರೆ ಅದೇ ಕೆಲಸದ ಕಾರ್ಬೊಪ್ರೊಸ್ಟ್ ಬೇಡ. ಆ ಪುಟವನ್ನು ತೆರೆಯದೆ ಮುಂದೆ ಹೋದವರು ಐದನೆಯ ಪ್ರಶ್ನೆಯಲ್ಲಿ ಬೀಳುತ್ತಾರೆ. ಗರ್ಭಕೋಶ ಗಟ್ಟಿಯಾಗಿ ನಡುಭಾಗಕ್ಕೆ ಬಂದು ರಕ್ತ ಕಡಿಮೆಯಾದರೆ ಫಲ ಸಿಕ್ಕಿತು ಎಂದರ್ಥ.

ಪ್ರಶ್ನೆಯಿಂದ ಪ್ರಶ್ನೆಗೆ ಚಾರ್ಟ್‌ಗೆ ಹೊಸ ಮಾಹಿತಿ ಸೇರಬಹುದು. ಪ್ರತಿ ಸಲವೂ ಎಡಬದಿಯನ್ನು ಮತ್ತೆ ನೋಡಿ.

85ನೇ ಪ್ರಶ್ನೆಗೆ ಕಂಪ್ಯೂಟರ್ ನಿಂತರೆ ಪಾಸೊ, ಫೇಲೊ?

ಎರಡೂ ಆಗಬಹುದು. ನೀವು ಸರಿ ಉತ್ತರ ಕೊಟ್ಟರೆ ಮುಂದಿನದು ಸ್ವಲ್ಪ ಕಠಿಣ, ತಪ್ಪಿದರೆ ಸ್ವಲ್ಪ ಸುಲಭ. ಹೀಗೆ ನಿಮ್ಮ ಮಟ್ಟದ ಸುತ್ತ ಕಂಪ್ಯೂಟರ್ ಸುತ್ತುತ್ತದೆ. ಪಾಸಿನ ಗೆರೆಗಿಂತ ನೀವು ಮೇಲಿದ್ದೀರಿ ಅಥವಾ ಕೆಳಗಿದ್ದೀರಿ ಎಂದು 95% ಖಚಿತವಾದ ಕೂಡಲೇ ನಿಲ್ಲುತ್ತದೆ. ಆ ಗೆರೆಯನ್ನು 2013ರಲ್ಲಿ -0.16ರಿಂದ 0.00 ಲಾಜಿಟ್‌ಗೆ (ಲಾಜಿಟ್ ಎಂದರೆ ಸಾಮರ್ಥ್ಯ ಅಳೆಯುವ ಮಾನ) ಏರಿಸಲಾಯಿತು. 150ರವರೆಗೂ ಹೋದರೆ ನೀವು ಗೆರೆಯ ಹತ್ತಿರವಿದ್ದೀರಿ ಎಂದಷ್ಟೆ. ಅಲ್ಲಿ ಕೊನೆಯ ಅಂದಾಜು ಗೆರೆಯ ಮೇಲಿದ್ದರೆ ಪಾಸು. ಸಮಯ ಮುಗಿದು 85 ಕೂಡ ಆಗಿರದಿದ್ದರೆ ಫೇಲು.

ಇದರಿಂದ ಒಂದು ವಿಚಿತ್ರ ಅನುಭವವಾಗುತ್ತದೆ: ಎಷ್ಟೇ ಚೆನ್ನಾಗಿ ಮಾಡಿದರೂ ಸುಮಾರು ಅರ್ಧ ತಪ್ಪಿದಂತೆ ಅನ್ನಿಸುತ್ತದೆ, ನಿಜಕ್ಕೂ ಹೆಚ್ಚಿನವರಿಗೆ ತಪ್ಪುತ್ತದೆ ಕೂಡ. ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ. ಒಂದು ಪ್ರಶ್ನೆ ಸುಲಭವಾಗಿ ಕಂಡಿತೆಂದು ಹೆದರಿ ಮುಂದಿನ ಹತ್ತು ಪ್ರಶ್ನೆಗಳನ್ನು ಹಾಳು ಮಾಡಿಕೊಂಡದ್ದು ನನ್ನ ಮೊದಲ ಪರೀಕ್ಷೆಯ ಎರಡನೆಯ ಪಾಠ.

‘ಕಳೆದ ತಿಂಗಳ ನಿಜವಾದ ಪ್ರಶ್ನೆಗಳು’ ಎಂದು ಮಾರುತ್ತಾರೆ. ಕೊಳ್ಳಲೆ?

ಬೇಡ. ಪ್ರತಿ ಅಭ್ಯರ್ಥಿಯೂ ಪ್ರಶ್ನೆಗಳನ್ನು ಗುಟ್ಟಾಗಿಡುವ ಒಪ್ಪಂದಕ್ಕೆ ಒಪ್ಪಿಯೇ ಪರೀಕ್ಷೆಗೆ ಕೂರುತ್ತಾನೆ. ಮುರಿದರೆ ಫಲಿತಾಂಶ ರದ್ದಾಗಬಹುದು, ಲೈಸೆನ್ಸ್ ಕೈತಪ್ಪಬಹುದು. ಅಲ್ಲದೆ ಪ್ರತಿಯೊಬ್ಬರ ಪ್ರಶ್ನೆಗಳೂ ಬೇರೆ. ಮಾರುವವನು ಮೋಸಗಾರ, ಮತ್ತು ಹೆಚ್ಚಾಗಿ ಅವನ ಉತ್ತರಗಳೂ ತಪ್ಪು.

## ಪರೀಕ್ಷೆಯ ದಿನ ಮತ್ತು ಆಮೇಲೆ

ಕೇಂದ್ರದಲ್ಲಿ ಏನೇನು ಆಗುತ್ತದೆ?

ಅರ್ಧ ಗಂಟೆ ಮೊದಲು ತಲುಪಿ. ಪಾಸ್‌ಪೋರ್ಟ್ ನೋಡುತ್ತಾರೆ, ಫೋಟೋ, ಸಹಿ, ಅಂಗೈಯ ರಕ್ತನಾಳಗಳ ಸ್ಕ್ಯಾನ್ ತೆಗೆದುಕೊಳ್ಳುತ್ತಾರೆ. ಮೊಬೈಲ್, ಗಡಿಯಾರ, ಚೀಲ ಎಲ್ಲ ಹೊರಗೆ. ಬರೆದು ಒರೆಸುವ ಹಲಗೆಯನ್ನು ಅವರೇ ಕೊಡುತ್ತಾರೆ. ಎರಡು ಗಂಟೆಯ ನಂತರ ಒಂದು ಬಿಡುವು, ಮೂರೂವರೆ ಗಂಟೆಯ ನಂತರ ಇನ್ನೊಂದು, ಬೇಕಿದ್ದರೆ ಮಾತ್ರ. ಮೊದಲನೆಯದನ್ನು ತೆಗೆದುಕೊಳ್ಳಿ ಎನ್ನುತ್ತೇನೆ. ಮುಖ ತೊಳೆದು ಬರಲು ಐದು ನಿಮಿಷ ಸಾಕು.

ಫಲಿತಾಂಶ ಯಾವಾಗ? ಆ ‘ಟ್ರಿಕ್’ ನಿಜವೆ?

ಅಧಿಕೃತ ಫಲಿತಾಂಶ ಮಂಡಳಿಯಿಂದಲೇ ಬರುತ್ತದೆ, ಆರು ವಾರದವರೆಗೂ ಹಿಡಿಯಬಹುದು. ಅನೇಕ ರಾಜ್ಯಗಳ ಅಭ್ಯರ್ಥಿಗಳು ಎರಡು ಕೆಲಸದ ದಿನಗಳ ನಂತರ ಸಣ್ಣ ಶುಲ್ಕ ಕಟ್ಟಿ ಅನಧಿಕೃತ ಫಲಿತಾಂಶ ನೋಡಬಹುದು. ಮತ್ತೆ ನೋಂದಾಯಿಸಲು ಪ್ರಯತ್ನಿಸಿ, ಬಿಡದಿದ್ದರೆ ಪಾಸು ಎಂದು ಊಹಿಸುವ ಟ್ರಿಕ್ ಬಾಯಿಂದ ಬಾಯಿಗೆ ಹಬ್ಬಿದ್ದು. ಅದನ್ನು ಯಾರೂ ಅಧಿಕೃತವಾಗಿ ಒಪ್ಪಿಲ್ಲ, ಶುಲ್ಕ ಸುಮ್ಮನೆ ಕಡಿತವಾದರೂ ಆದೀತು. ಎರಡು ದಿನ ಕಾಯಿರಿ.

ಫೇಲಾದೆ. ಮನೆಯವರಿಗೆ ಹೇಗೆ ಮುಖ ತೋರಿಸಲಿ? ಮುಂದೇನು?

ಮೊದಲು ಎರಡು ವಾರ ಪುಸ್ತಕ ಮುಟ್ಟಬೇಡಿ. ನಾನು ಮನೆಯಲ್ಲಿ ಹೇಳಲು ನಾಲ್ಕು ದಿನ ತೆಗೆದುಕೊಂಡೆ. ಹೇಳಿದಾಗ ಅಮ್ಮ ‘ಊಟ ಮಾಡಿದೆಯಾ’ ಎಂದಷ್ಟೆ ಕೇಳಿದಳು.

ಫೇಲಾದವರಿಗೆ ಮಾತ್ರ ಒಂದು ವರದಿ ಬರುತ್ತದೆ. ಪ್ರತಿ ವಿಭಾಗದಲ್ಲೂ ನೀವು ಗೆರೆಗಿಂತ ಮೇಲೆ, ಹತ್ತಿರ ಅಥವಾ ಕೆಳಗೆ ಎಂದು ಅದರಲ್ಲಿರುತ್ತದೆ. ಕೆಳಗಿರುವುದನ್ನು ಮೊದಲು, ಹತ್ತಿರ ಎಂದಿರುವುದನ್ನು ನಂತರ ಹಿಡಿಯಿರಿ. ಮತ್ತೆ ಬರೆಯಲು ಕನಿಷ್ಠ 45 ದಿನ ಬಿಡಬೇಕು; ವರ್ಷಕ್ಕೆ ಎಂಟು ಸಲದವರೆಗೆ ಅವಕಾಶವಿದೆ, ಆದರೆ ರಾಜ್ಯದ ಮಂಡಳಿ ಇದಕ್ಕಿಂತ ಬಿಗಿಯಾದ ಮಿತಿ ಇಟ್ಟಿರಬಹುದು. 46ನೇ ದಿನವೇ ಬರೆಯುವ ಹಟ ಬೇಡ. ಓದುವ ರೀತಿ ಬದಲಾಯಿಸದೆ ದಿನಾಂಕ ಮಾತ್ರ ಬದಲಾಯಿಸಿದರೆ ಅದೇ ವರದಿ ಮತ್ತೆ ಬರುತ್ತದೆ.

ಪಾಸಾದೆ! ಇನ್ನು ತಕ್ಷಣ ಅಮೆರಿಕಕ್ಕೆ ಹೋಗಬಹುದಲ್ಲ?

ಅಭಿನಂದನೆಗಳು. ತಕ್ಷಣ ಮಾತ್ರ ಇಲ್ಲ. ಕೆಲಸದ ವೀಸಾಕ್ಕೆ ‘ವೀಸಾಸ್ಕ್ರೀನ್’ ಎಂಬ ಪ್ರಮಾಣಪತ್ರ ಬೇಕು. 1996ರ ಅಮೆರಿಕದ ವಲಸೆ ಕಾನೂನಿನಿಂದ ಬಂದ ನಿಯಮ ಅದು. ಓದು, ಲೈಸೆನ್ಸ್, ಇಂಗ್ಲಿಷ್ ಮೂರನ್ನೂ ಅದು ಪರಿಶೀಲಿಸುತ್ತದೆ. ನರ್ಸ್‌ಗಳು ಹೆಚ್ಚಾಗಿ ಹೋಗುವ ದಾರಿ ಇಬಿ-3 ಎಂಬ ಕೆಲಸದ ಆಧಾರದ ವರ್ಗದ ಗ್ರೀನ್ ಕಾರ್ಡ್. ನರ್ಸಿಂಗ್ ‘ಷೆಡ್ಯೂಲ್ ಎ’ ಪಟ್ಟಿಯಲ್ಲಿರುವುದರಿಂದ ಕಾರ್ಮಿಕ ಇಲಾಖೆಯ ಸಾಮಾನ್ಯ ಪರಿಶೀಲನೆಯ ಒಂದು ಹಂತ ತಪ್ಪುತ್ತದೆ, ಆದರೆ ಸರದಿ ತಪ್ಪುವುದಿಲ್ಲ. ಭಾರತದಲ್ಲಿ ಹುಟ್ಟಿದವರಿಗೆ ಆ ಸರದಿ ಹಲವು ವರ್ಷಗಳಷ್ಟು ಉದ್ದವಿದೆ. ‘ಆರು ತಿಂಗಳಲ್ಲಿ ಕಳಿಸುತ್ತೇವೆ’ ಎಂದು ಮುಂಗಡ ಕೇಳುವ ಏಜೆಂಟನಿಗೆ ಹಣ ಕೊಡುವ ಮೊದಲು ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಪ್ರಕಟಿಸುವ ವೀಸಾ ಬುಲೆಟಿನ್ ತೆರೆದು, ಭಾರತದ ಸಾಲಿನಲ್ಲಿರುವ ದಿನಾಂಕವನ್ನು ನೀವೇ ಓದಿ.

ಕಾಯುವ ಕಾಲದಲ್ಲಿ ಎರಡು ಕೆಲಸ. ಲೈಸೆನ್ಸ್ ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಪರೀಕ್ಷೆಯನ್ನು ಮತ್ತೆ ಬರೆಯಬೇಕಿಲ್ಲವಾದರೂ ಲೈಸೆನ್ಸ್ ಅವಧಿ ಮುಗಿಯುತ್ತದೆ. ಮತ್ತು ರೋಗಿಯ ಹಾಸಿಗೆಯ ಪಕ್ಕದ ಕೆಲಸ ಬಿಡಬೇಡಿ. ನೇಮಕ ಮಾಡಿಕೊಳ್ಳುವವರು ಮೊದಲು ಕೇಳುವುದು ಇತ್ತೀಚಿನ ಅನುಭವವನ್ನು.